ಸಿಗ್ನಲ್‌ನಲ್ಲಿ ನಡುಗೋ ಫಿಯಟ್ಟು, ಮೂರು ಸಲ ಸ್ನಾನ ಮಾಡಿದ ಕಾರ್ಬುರೇಟರ್ರು

ಟೌನ್ ಹಾಲ್ ಸರ್ಕಲ್ ಸಿಗ್ನಲ್‌ನಲ್ಲಿ ಹಿಂದೆ ಬಸ್ಸಿನವನು ಹಾರ್ನ್ ಒತ್ತಿ ಹಿಡ್ಕೊಂಡಿರ್ತಾನೆ, ಪಕ್ಕದಲ್ಲಿ ಸ್ಕೂಟಿಯವರು ನಮ್ಮ ಮುಖಾನೇ ನೋಡ್ತಿರ್ತಾರೆ, ನಾವು ಸೆಲ್ಫ್ ಹೊಡೀತಾನೇ ಇರ್ತೀವಿ, ಗಾಡಿ ಮಾತ್ರ ಎರಡು ಸಲ ಕೆಮ್ಮಿ ಸುಮ್ಮನಾಗ್ಬಿಡುತ್ತೆ. ಫೆಬ್ರವರಿಯಿಂದ ಮೇ ತನಕ ವಾರಕ್ಕೆ ಎರಡು ಸಲನಾದ್ರೂ ನಂಗೆ ಇದೇ ಸೀನು. ಒಂದಿನ ಟ್ರಾಫಿಕ್ ಪೊಲೀಸಪ್ಪನೇ ಬಂದು ತಳ್ಳಿ ಸೈಡಿಗೆ ಹಾಕಿಸಿ "ಇನ್ನೂ ಯಾಕ್ ಸಾರ್ ಇದನ್ನ ಇಟ್ಕೊಂಡಿದೀರ" ಅಂತ ಬೈಗುಳಾನೋ ಅನುಕಂಪಾನೋ ಗೊತ್ತಾಗದ ದನಿಯಲ್ಲಿ ಕೇಳಿ ಹೋದ್ರು.

ಗಾಡಿ 1991ರ ಪ್ರೀಮಿಯರ್ ಪದ್ಮಿನಿ, ಕೆಎ-06 ನಂಬರ್ರು, 1998ರಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆರ್‌ಸಿ ಬುಕ್ಕಲ್ಲಿ ಪದ್ಮಿನಿ ಅಂತ ಇದ್ರೂ ನಮ್ಮ ತುಮಕೂರಲ್ಲಿ ಯಾರೂ ಹಾಗನ್ನಲ್ಲ, ಎಲ್ರಿಗೂ ಅದು ಫಿಯಟ್ಟೇ. ಮೂಲದಲ್ಲಿ ಅದು ಇಟಲಿಯ ಫಿಯಟ್ 1100 ತಾನೇ, ಮುಂಬೈ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಮಾಡ್ತಿದ್ರು, 1974ರಲ್ಲಿ ಪದ್ಮಿನಿ ಅಂತ ಹೆಸರಿಟ್ಟರು. 1089 ಸಿಸಿ ಇಂಜಿನ್ನು, ನಾಲ್ಕು ಸಿಲಿಂಡರ್ರು, ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರು, ಮೇಲೆ ಒಂದು ಸೋಲೆಕ್ಸ್ ಕಾರ್ಬುರೇಟರ್ರು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳ್ಸೋದು ಅದೇ. ಅಷ್ಟೇ. ಕಂಪ್ಯೂಟರ್ ಇಲ್ಲ ಸೆನ್ಸರ್ ಇಲ್ಲ ಡ್ಯಾಶ್‌ಬೋರ್ಡಲ್ಲಿ ಹಳದಿ ಲೈಟು ಉರಿಯೋದೂ ಇಲ್ಲ, ಹಾಗಾಗಿ ರಿಪೇರಿ ಸುಲಭ ಅಂತ ಎಲ್ರೂ ಹೇಳ್ತಾರೆ, ನಾನೂ ನಂಬಿದ್ದೆ.

ಕಂಪ್ಲೇಂಟ್ ಏನು ಅಂದ್ರೆ, ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದ್ರೆ ಬೆಣ್ಣೇಲಿ ಕೂದಲು ತೆಗೆದಂಗೆ ಓಡುತ್ತೆ. ಕ್ಯಾತ್ಸಂದ್ರ ತನಕ ಹೋಗಿ ಬಿಸಿ ಆದ್ಮೇಲೆ ಎಲ್ಲಾದ್ರೂ ನಿಲ್ಲಿಸಿದ್ರೆ ಸಾಕು, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೇ ಇಂಜಿನ್ ಓಡೋದು) ಸ್ಥಿರವಾಗಿರಲ್ಲ, ಗೇರ್ ಲಿವರ್ ಗಡಗಡ ಅಂತ ಅಲ್ಲಾಡುತ್ತೆ, ಮಿರರ್‌ನಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತೆ, ಆಮೇಲೆ ಆಫ್. ಆಕ್ಸಿಲರೇಟರ್ ಒತ್ತಿ ಹಿಡಿದ್ರೆ ಏನೂ ತೊಂದ್ರೆ ಇಲ್ಲ, ಹೈವೇಲಿ 70ರಲ್ಲಿ ಆರಾಮಾಗಿ ಹೋಗುತ್ತೆ. ಈ ಮೂರು ಮಾತು (ಚೋಕ್ ಇದ್ರೆ ಸರಿ, ಬಿಸಿಯಾದ್ರೆ ಕೆಡುತ್ತೆ, ರೇಸ್ ಮಾಡಿದ್ರೆ ಸರಿ) ಸರಿಯಾಗಿ ಕೇಳಿಸ್ಕೊಂಡಿದ್ರೆ ಅರ್ಧ ಕೆಲಸ ಅಲ್ಲೇ ಮುಗೀತಿತ್ತು. ಆದ್ರೆ ಯಾರೂ ಕೇಳಿಸ್ಕೊಳ್ಳಲಿಲ್ಲ, ನಾನೂ ಸೇರಿ.

ಮೊದಲನೇ ಮೆಕ್ಯಾನಿಕ್ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ತಗೊಂಡು ಸ್ಪೀಡ್ ಸ್ಕ್ರೂನ ಒಂದು ಸುತ್ತು ತಿರುವಿ "ಆಯ್ತು ಹೋಗಿ ಸಾರ್" ಅಂದ. ಐಡ್ಲಿಂಗ್ ಏರಿಸಿದ್ದು ಅಷ್ಟೇ, ಜ್ವರ ಬಂದವನಿಗೆ ಫ್ಯಾನ್ ಹಾಕಿದಂಗೆ. ಎರಡು ದಿನ ಓಡ್ತು, ಪೆಟ್ರೋಲ್ ಕುಡೀತು, ಮತ್ತೆ ಅದೇ ರಾಗ. ಎರಡನೇ ಮೆಕ್ಯಾನಿಕ್ ಹತ್ರ ಹೋದೆ, ಅವನು ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಲ್ಲಿ ತೊಳೆದು ಏರ್ ಹೊಡೆದು ಹಾಕ್ದ. ಸರಿ ಹೋಗಲಿಲ್ಲ. ಮತ್ತೆ ಬಿಚ್ಚಿ ರಿಪೇರಿ ಕಿಟ್ (ಒಳಗಿನ ಸಣ್ಣ ಸಾಮಾನು) ಹಾಕ್ದ. ಸರಿ ಹೋಗಲಿಲ್ಲ. ಮೂರನೇ ಸಲ ಬಿಚ್ಚಿ ಅಡಿಗೆ ಒಂದರ ಬದಲು ಎರಡು ಪ್ಯಾಕಿಂಗ್ (ಸಂದಿ ಮುಚ್ಚೋ ಮೆತ್ತನೆ ಹಾಳೆ) ಕೊಟ್ಟು ನಟ್ಟುಗಳನ್ನ ಮೈಮೇಲೆ ಬಂದವನ ಥರ ಟೈಟ್ ಮಾಡ್ದ, ಜೊತೆಗೆ "ಸುಮ್ನೆ ಹೊಸದು ಹಾಕ್ಬಿಡಣ ಸಾರ್, ಡೌಟ್ ಯಾಕೆ" ಅಂತ ಪ್ಲಗ್ಗು (ಸಿಲಿಂಡರಲ್ಲಿ ಕಿಡಿ ಕೊಡೋದು), ಪಾಯಿಂಟು (ಆ ಕಿಡಿಗೆ ಕರೆಂಟ್ ಬಿಟ್ಟು ಹಿಡಿಯೋ ಸ್ವಿಚ್ಚು), ಅದರ ಪಕ್ಕದ ಕಂಡೆನ್ಸರ್ರು ಎಲ್ಲಾ ಒಟ್ಟಿಗೆ ಬದಲಾಯಿಸ್ದ. ಬಿಲ್ಲು 4,200. ಗಾಡಿ ಮೊದಲಿಗಿಂತ ಕೆಟ್ಟದಾಗಿ ನಡುಗ್ತಾ ಮನೆಗೆ ಬಂತು.

ಅಪ್ಪ ಗೇಟ್ ಹತ್ರ ನಿಂತು ಆ ಶಬ್ದ ಕೇಳಿಸ್ಕೊಂಡ್ರು. ಅಪ್ಪ ನಮ್ಮೂರ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದೋರು, ಆ ಫ್ಯಾಕ್ಟರಿ 2016ರಲ್ಲಿ ಮುಚ್ಚೋಕೂ ಎಷ್ಟೋ ಮುಂಚೆನೇ ರಿಟೈರ್ ಆದ್ರು. ಕಾರಿನ ಮೇಲೆ ಅವ್ರಿಗೆ ಅಂಥ ಪ್ರೀತಿ ಏನಿಲ್ಲ, ಮಾರ್ಬಿಡು ಅಂತ ಹತ್ತು ವರ್ಷದಿಂದ ಹೇಳ್ತಾನೇ ಇದಾರೆ. ಆದ್ರೆ ಒಂದು ಮೆಷಿನ್ನು ತಪ್ಪಾಗಿ ಶಬ್ದ ಮಾಡ್ತಾ ಇದ್ರೆ ಅವ್ರಿಗೆ ಊಟ ಸೇರಲ್ಲ. "ಒಂದೇ ದಿನ ನಾಕು ಐಟಂ ಬದಲಾಯಿಸಿದ್ನಾ? ಈಗ ಯಾವುದ್ರಿಂದ ಕೆಡ್ತು ಅಂತ ಹೆಂಗ್ ಹೇಳ್ತೀಯ?" ಅಂದ್ರು. ಉತ್ತರ ನನ್ನ ಹತ್ರ ಇರ್ಲಿಲ್ಲ. "ಹಳೇದೆಲ್ಲಾ ಎಲ್ಲೈತೆ?" ಅಂದ್ರು. ಅದೃಷ್ಟಕ್ಕೆ ನಾನು ಹಳೇ ಸಾಮಾನೆಲ್ಲ ಕವರಲ್ಲಿ ಹಾಕಿಸ್ಕೊಂಡು ಬಂದಿದ್ದೆ, ಅದು ಅಪ್ಪಂದೇ ಚಾಳಿ, ನಮ್ಮನೇಲಿ ಬಿಸ್ಕತ್ ಡಬ್ಬಿ ತೆಗೆದ್ರೆ ಬಿಸ್ಕತ್ ಇರಲ್ಲ.

ಅವತ್ತಿಂದ ಮನೇಲೇ ಶುರು ಹಚ್ಕೊಂಡ್ವಿ. ಅಪ್ಪ ಒಂದು ಹಳೇ ಡೈರಿ ತಂದು ಕೊಟ್ಟು, ಮುಟ್ಟಿದ್ದನ್ನೆಲ್ಲಾ ಬರಿ, ಒಂದು ಸಲಕ್ಕೆ ಒಂದೇ ಮುಟ್ಟು ಅಂದ್ರು. ನಂಗೆ ಮೊದಲ ದಿನ ಸಿಟ್ಟೇ ಬಂತು. ಆದ್ರೆ ಡೈರಿ ಕೆಲಸಕ್ಕೆ ಬಂತು.

ಮೊದಲು ಇಂಜಿನ್ನೇ ಚೆನ್ನಾಗಿದ್ಯಾ ನೋಡ್ಬೇಕು, ಯಾಕಂದ್ರೆ ವಾಲ್ವ್ ಸುಟ್ಟಿದ್ರೆ ಮೇಲಿಂದ ಏನ್ ಮಾಡಿದ್ರೂ ಗೊಬ್ಬರದ ಮೇಲೆ ಪನ್ನೀರು. ಫ್ರೆಂಡ್ ಹತ್ರ ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಇತ್ತು, ಇಂಜಿನ್ ಬಿಸಿ ಮಾಡಿ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದು ನೋಡಿದ್ವಿ. ನಾಲ್ಕೂ 120ರಿಂದ 130 ಪಿಎಸ್‌ಐ ಒಳಗೆ ಬಂತು, ಅಂದ್ರೆ ಇಂಜಿನ್ ಚೆನ್ನಾಗಿದೆ. ನಂಗೆ ಭಯ ಇದ್ದಿದ್ದು ಇಲ್ಲೇ. ಹಿಂದೆ ಪೆಟ್ರೋಲಲ್ಲಿ ಸೀಸ ಇರ್ತಿತ್ತು, ಆ ಸೀಸ ವಾಲ್ವ್ ಸೀಟಿಗೆ (ವಾಲ್ವ್ ಬಂದು ಕೂರೋ ಜಾಗ) ಒಂಥರಾ ಮೆತ್ತೆ ಇದ್ದಂಗೆ, 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಲ್ಲಿಸಿದ್ರು, ಆಮೇಲೆ ಈ ಹಳೇ ಇಂಜಿನ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ನಿಧಾನಕ್ಕೆ ಸೀಟಿನೊಳಗೆ ಇಳಿಯೋದು, ಟ್ಯಾಪೆಟ್ (ವಾಲ್ವ್ ತಳ್ಳೋ ಭಾಗ) ಗ್ಯಾಪ್ ಮುಚ್ಕೊಳ್ಳೋದು ಉಂಟು. ಶಬ್ದ ಮಾಡೋ ಟ್ಯಾಪೆಟ್‌ಗಿಂತ ಶಬ್ದ ಮಾಡದೇ ಇರೋ ಟ್ಯಾಪೆಟ್ ಡೇಂಜರ್ ಅಂತ ಹಳೇ ಮೇಸ್ತ್ರಿಗಳು ಹೇಳೋದು ಇದಕ್ಕೇ. ನಮ್ದು ಬಚಾವ್.

ಬಿಚ್ಚಿದ ಪ್ಲಗ್ಗುಗಳನ್ನ ಪೇಪರ್ ಮೇಲೆ 1, 2, 3, 4 ಅಂತ ಸಾಲಾಗಿ ಇಟ್ವಿ. ಸರಿಯಾಗಿ ಉರೀತಿದ್ರೆ ತುದಿ ಕಾಫಿಪುಡಿ ಬಣ್ಣ ಇರ್ಬೇಕು, ಪೆಟ್ರೋಲ್ ಜಾಸ್ತಿ ಆದ್ರೆ ಒಲೆ ಮಸಿ ಥರ ಕಪ್ಪು. ನಮ್ಮವು ನಾಲ್ಕೂ ವಿಭೂತಿ ಬಳಿದಂಗೆ ಬೆಳ್ಳಗೆ. ಅಂದ್ರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಒಂದು ಪ್ಲಗ್ ಮಾತ್ರ ಬೆಳ್ಳಗಿದ್ರೆ ಆ ಸಿಲಿಂಡರ್ ಕಥೆ, ನಾಲ್ಕೂ ಬೆಳ್ಳಗಿದೆ ಅಂದ್ರೆ ನಾಲ್ಕಕ್ಕೂ ಸಾಮಾನ್ಯವಾಗಿರೋ ಕಡೆ ಕಥೆ ಇದೆ. ಇದನ್ನೇ ಇನ್ನೊಂದು ಥರ ನೋಡೋಣ ಅಂತ ಇಂಜಿನ್ ಓಡ್ತಿರುವಾಗ ಪ್ಲಗ್ ವೈರ್ ಒಂದೊಂದೇ ಕಿತ್ತು ನೋಡ್ದೆ, ಯಾವುದನ್ನ ಕಿತ್ತಾಗ ಶಬ್ದ ಬದಲಾಗಲ್ವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ ಅಂತ ಲೆಕ್ಕ. ನಾಲ್ಕರಲ್ಲೂ ಒಂದೇ ಥರ ಸ್ಪೀಡ್ ಬಿತ್ತು. ಎರಡನೇ ವೈರನ್ನ ಬರಿಗೈಲಿ ಹಿಡಿದು ಮೊಣಕೈ ತನಕ ಷಾಕ್ ಹೊಡೆಸ್ಕೊಂಡೆ, ದಯವಿಟ್ಟು ರಬ್ಬರ್ ಹಿಡಿ ಇರೋ ಕಟಿಂಗ್ ಪ್ಲೇಯರ್ ಬಳಸಿ, ವೈರ್ ತುದಿನ ಬಾಡಿಗೆ ಅರ್ಥ್ ಮಾಡಿ. ಅಪ್ಪ ಡೈರಿ ತೋರಿಸಿ ಅದನ್ನೂ ಬರಿ ಅಂದ್ರು, ನಗದೇನೇ.

ಗುಬ್ಬಿ ಗೇಟ್ ಕಡೆ ಒಬ್ರು ಹಳೇ ಮೇಸ್ತ್ರಿ ಇದಾರೆ, ಒಂದು ಕಾಲಕ್ಕೆ ಊರಿನ ಫಿಯಟ್ ಟ್ಯಾಕ್ಸಿಗಳೆಲ್ಲಾ ಅವರ ಕೈಯಲ್ಲೇ. ಈಗ ಅಂಗಡಿ ಮಗನಿಗೆ ಬಿಟ್ಟು ಮನೇಲಿದಾರೆ. ಭಾನುವಾರ ಹೋಗಿ ಕರೆದೆ, "ಕಣ್ಣು ಮಂಜು ಕಣಪ್ಪಾ, ಬಂದು ಏನ್ ಮಾಡ್ಲಿ" ಅಂದ್ರು, ಫಿಯಟ್ಟು ಅಂದ ತಕ್ಷಣ ಶರ್ಟ್ ಹಾಕ್ಕೊಂಡ್ರು.

ಬಂದವರು ಟೂಲೇ ಕೇಳಲಿಲ್ಲ. ಏರ್ ಫಿಲ್ಟರ್ ತೆಗೆಸಿ, ಬಿಸಿಯಾಗಿ ನಡುಗ್ತಾ ಇದ್ದ ಇಂಜಿನ್ ಮೇಲೆ ಬಗ್ಗಿ, ಕಾರ್ಬುರೇಟರ್ ಬಾಯಿಗೆ ಅಂಗೈ ಅಡ್ಡ ಇಟ್ರು. ಪೂರ್ತಿ ಮುಚ್ಚಲಿಲ್ಲ, ಮುಕ್ಕಾಲು ಭಾಗ. ಇಂಜಿನ್ ಸತ್ತೇ ಹೋಗುತ್ತೆ ಅನ್ಕೊಂಡೆ. ಬದಲಿಗೆ ನಡುಕ ನಿಂತು ಸ್ಪೀಡ್ ಏರ್ತು! ಕೈ ತೆಗೆದ್ರೆ ಮತ್ತೆ ಗಡಗಡ. ಕೈ ಇಟ್ರೆ ನೆಟ್ಟಗೆ. "ನೋಡಪ್ಪಾ, ಬಾಯಲ್ಲಿ ಕುಡಿಯೋದನ್ನ ಕಮ್ಮಿ ಮಾಡಿದ್ರೆ ಸರಿ ಹೋಗ್ತೈತೆ ಅಂದ್ರೆ ಇನ್ನೆಲ್ಲೋ ಕಳ್ಳಬಾಯಿ ಐತೆ, ಅಲ್ಲಿ ಗಾಳಿ ಎಳೀತೈತೆ." ಚೋಕ್ ಎಳೆದಾಗ ಯಾಕೆ ಸರಿ ಇರ್ತಿತ್ತು ಅಂತ ನಂಗೆ ಆಗ ಹೊಳೀತು, ಚೋಕ್ ಅಂದ್ರೂ ಮಿಕ್ಸ್ಚರಿಗೆ ಪೆಟ್ರೋಲ್ ಜಾಸ್ತಿ ಮಾಡೋದೇ ತಾನೇ. ರೇಸ್ ಮಾಡಿದಾಗ ಯಾಕೆ ಸರಿ ಅಂದ್ರೆ, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದ್ರೆ ತೆರೆಯೋ ಬಾಗಿಲು) ಮುಚ್ಚಿರುವಾಗ ಇಂಜಿನ್ ಜೋರಾಗಿ ಹೀರುತ್ತೆ, ಆಗ ಚಿಕ್ಕ ಸಂದಿಯಿಂದ ನುಗ್ಗೋ ಗಾಳೀನೂ ದೊಡ್ಡ ಪಾಲು. ಥ್ರಾಟಲ್ ತೆಗೆದ್ರೆ ಬಾಯಿಂದಲೇ ಅಷ್ಟೊಂದು ಗಾಳಿ ಹೋಗುತ್ತೆ, ಸಂದಿ ಗಾಳಿ ಲೆಕ್ಕಕ್ಕಿಲ್ಲ.

ಕಳ್ಳಬಾಯಿ ಹುಡುಕೋಕೆ ಎಷ್ಟೋ ಜನ ಕಾರ್ಬುರೇಟರ್ ಸುತ್ತ ಪೆಟ್ರೋಲ್ ಚಿಮುಕಿಸ್ತಾರೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್! ಗಾಡಿ ಜೊತೆ ಶೆಡ್ಡೂ ಹೋಗುತ್ತೆ. ಮೇಸ್ತ್ರಿ ಹಳೇ ಪೇಂಟ್ ಬ್ರಷ್ಷಲ್ಲಿ ಇಂಜಿನ್ ಆಯಿಲ್ ಅದ್ದಿ ಕಾರ್ಬುರೇಟರ್ ಬುಡದ ಪ್ಯಾಕಿಂಗ್ ಸುತ್ತ ಹಚ್ಚುತ್ತಾ ಹೋದ್ರು. ಮುಂದಿನ ಕಡೆ ಏನಿಲ್ಲ. ಪಕ್ಕದಲ್ಲಿ ಹಚ್ಚಿದ ತಕ್ಷಣ ಆಯಿಲ್ ಸುರ್ ಅಂತ ಒಳಗೆ ಎಳ್ಕೊಂಡು ಹೋಯ್ತು, ಎರಡು ಸೆಕೆಂಡು ಇಂಜಿನ್ ನೆಟ್ಟಗಾಯ್ತು, ಹಿಂದೆ ಸೈಲೆನ್ಸರ್‌ನಿಂದ ಒಂದು ಎಳೆ ನೀಲಿ ಹೊಗೆ. ನಾನು ಕಣ್ಣಾರೆ ನೋಡಿದ್ದು, ಈಗ ನೆನೆಸ್ಕೊಂಡ್ರೂ ಖುಷಿಯಾಗುತ್ತೆ.

ನಾಲ್ಕನೇ ಸಲ ಕಾರ್ಬುರೇಟರ್ ಇಳೀತು. ಆದ್ರೆ ಈ ಸಲ ಒಳಗೆ ಯಾರೂ ಕೈ ಹಾಕಲಿಲ್ಲ, ಅಡಿಭಾಗ ಮಾತ್ರ ನೋಡಿದ್ದು. ಇಲ್ಲಿ ಅಪ್ಪನ ಪಾಳಿ. ಕಾರ್ಬುರೇಟರನ್ನ ತಲೆಕೆಳಗೆ ಹಿಡಿದು, ನಟ್ಟು ಕೂರೋ ಎರಡು ಕಿವಿಗಳ ಮಧ್ಯೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದ್ರು. "ಬೆಳಕು ಕಾಣ್ತೈತಾ?" ಕಂಡಿತು. ಸ್ಕೇಲಿಗೂ ಲೋಹಕ್ಕೂ ಮಧ್ಯೆ ಕೂದಲೆಳೆಗಿಂತ ಸ್ವಲ್ಪ ದಪ್ಪಕ್ಕೆ ಬೆಳ್ಳಿ ಗೆರೆ. ನಟ್ಟನ್ನ ಬಿಗಿದೂ ಬಿಗಿದೂ ಎರಡೂ ಕಿವಿ ಕೆಳಗೆ ಬಾಗಿ ಮಧ್ಯದಲ್ಲಿ ಬಿಲ್ಲಿನ ಥರ ಎದ್ದುಬಿಟ್ಟಿತ್ತು. ಎರಡು ಪ್ಯಾಕಿಂಗ್ ಕೊಟ್ಟು ಇನ್ನೂ ಬಿಗಿದಿದ್ದಕ್ಕೆ ಜಾಸ್ತಿ ಬಾಗಿದೆ, ಮೆತ್ತನೆ ಪ್ಯಾಕಿಂಗ್ ಜಾಸ್ತಿ ಇದ್ದಷ್ಟೂ ಕಿವಿ ಬಾಗೋಕೆ ಜಾಗ ಜಾಸ್ತಿ. ಅಂದ್ರೆ ಮೂರು ಸಲ ತೊಳೆದಿದ್ದೇ ರೋಗ. ಮೊದಲು ಇದ್ದಿದ್ದು ಸಣ್ಣ ಲೀಕು, ಪ್ರತಿ ಸರ್ವಿಸ್‌ಗೂ ಅದು ಬೆಳೆದಿದೆ, ದುಡ್ಡು ಕೊಟ್ಟವನು ನಾನು.

ಫೋಟೋ ಫ್ರೇಮಿನ ಗಾಜು ತೆಗೆದು, ಅದರ ಮೇಲೆ ಎಮರಿ ಪೇಪರ್ ಹಾಸಿ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ಕಾರ್ಬುರೇಟರ್ ಬುಡಾನ ಎಂಟರ ಆಕಾರದಲ್ಲಿ ತಿಕ್ಕಿದ್ರು ಅಪ್ಪ. ಥ್ರಾಟಲ್ ಸಂದಿಗೆಲ್ಲಾ ಬಟ್ಟೆ ತುರುಕಿದ್ವಿ, ಪುಡಿ ಒಳಗೆ ಹೋಗ್ಬಾರ್ದು. ಗಾಜು ಯಾಕೆ ಅಂದ್ರೆ ಮನೇಲಿ ಅದಕ್ಕಿಂತ ಸಮತಟ್ಟಾಗಿರೋದು ಇನ್ನೊಂದಿಲ್ಲ. ಮೊದಲು ಎರಡು ಕಿವಿ ಮಾತ್ರ ಹೊಳೆಯೋಕೆ ಶುರುವಾಯ್ತು, ಮಧ್ಯೆ ಮಂಕಾಗಿ ಕಪ್ಪು. ಹತ್ತು ನಿಮಿಷಕ್ಕೊಮ್ಮೆ ಒರೆಸಿ, ಎಚ್‌ಎಂಟಿ ಕಾಲದ ಐಗ್ಲಾಸ್ (ವಾಚ್ ಕೆಲಸದ ಭೂತಗನ್ನಡಿ) ಕಣ್ಣಿಗೆ ಸಿಕ್ಕಿಸ್ಕೊಂಡು ನೋಡೋದು, ಮತ್ತೆ ತಿಕ್ಕೋದು. ನಾನು ಕೇಳ್ದೆ ನಾನ್ ಮಾಡ್ಲಾ ಅಂತ, ಕೊಡಲಿಲ್ಲ. ಒಂದೂವರೆ ಗಂಟೆಗೆ ಇಡೀ ಬುಡ ಒಂದೇ ಬಣ್ಣಕ್ಕೆ ಬಂತು, ಸ್ಕೇಲ್ ಇಟ್ರೆ ಕತ್ತಲೆ. ಒಂದೇ ಒಂದು ಹೊಸ ಪ್ಯಾಕಿಂಗ್ ಹಾಕಿ, ನಟ್ಟನ್ನ ಆ ಕಡೆ ಅರ್ಧ ಈ ಕಡೆ ಅರ್ಧ ಅಂತ ಸಣ್ಣ ಸ್ಪ್ಯಾನರಲ್ಲಿ ಬಿಗಿದ್ವಿ, ಬೆರಳ ಬಲ, ಭುಜದ ಬಲ ಅಲ್ಲ.

ಸ್ಟಾರ್ಟ್ ಮಾಡಿದ್ವಿ, ಅದ್ಭುತ! ಹದಿನೈದು ನಿಮಿಷ. ಆಮೇಲೆ ಟುಪ್... ಟುಪ್ ಅಂತ ಮಿಸ್ಸಿಂಗು. ನಡುಕ ಹೋಗಿದೆ, ಆದ್ರೆ ಮಧ್ಯೆ ಮಧ್ಯೆ ಒಂದು ಬೀಟ್ ಬಿಟ್ಟುಹೋಗುತ್ತೆ. ಅಪ್ಪ ನನ್ನ ಮುಖ ನೋಡಿದ್ರು, ನಾನು ಮೇಸ್ತ್ರಿ ಮುಖ ನೋಡ್ದೆ, ಅವರು ಕಾಫಿ ಕುಡೀತಾ "ಇದು ಬೇರೆ ಕಾಯಿಲೆ, ಕತ್ತಲಾಗ್ಲಿ ಇರು" ಅಂದ್ರು.

ಕತ್ತಲಲ್ಲಿ ಯಾಕೆ ಅಂದ್ರೆ ಕರೆಂಟ್ ಕದ್ದು ಓಡೋದು ಕತ್ತಲಲ್ಲೇ ಕಾಣೋದು. ಏಳೂವರೆಗೆ ಶೆಡ್ಡಿನ ಲೈಟ್ ಆರಿಸಿ, ಬಾನೆಟ್ ಎತ್ತಿ, ಓಡ್ತಿರೋ ಇಂಜಿನ್ ಪ್ಲಗ್ ವೈರ್‌ಗಳನ್ನ ನೋಡಿದ್ವಿ, ವೈರ್ ಸೀಳಿದ್ರೆ ನೀಲಿ ಮಿಣುಕು ಕಾಣುತ್ತೆ, ನಮ್ದರಲ್ಲಿ ಏನೂ ಇಲ್ಲ. ಆಫ್ ಮಾಡಿ ಡಿಸ್ಟ್ರಿಬ್ಯೂಟರ್ (ನಾಲ್ಕೂ ಪ್ಲಗ್ಗಿಗೆ ಕರೆಂಟ್ ಹಂಚೋದು) ಕ್ಯಾಪ್ ತೆಗೆದು, ಇಗ್ನಿಷನ್ ಆನ್ ಇಟ್ಟು, ಪಾಯಿಂಟನ್ನ ಮರದ ಕಡ್ಡಿಯಲ್ಲಿ ಬಿಡಿಸಿ ನೋಡಿದ್ರೆ ದಪ್ಪನೆ ಹಳದಿ-ನೀಲಿ ಕಿಡಿ ಚಟ್ ಚಟ್ ಅಂತ ಹಾರ್ತಿದೆ. ಪಾಯಿಂಟ್ ಬಿಡುವಾಗ ಅಲ್ಲಿ ಕಿಡಿ ಹಾರದಂಗೆ ತಡೆಯೋದೇ ಕಂಡೆನ್ಸರ್ ಕೆಲಸ, ಆಗ ತಾನೇ ಕಾಯಿಲ್‌ನ ಶಕ್ತಿ ಪ್ಲಗ್ಗಿಗೆ ಹೋಗೋದು. ಕಂಡೆನ್ಸರ್ ಸತ್ತಿದ್ರೆ ಕಿಡಿ ಪಾಯಿಂಟಲ್ಲೇ ಖರ್ಚು, ಪ್ಲಗ್ಗಿಗೆ ಚಿಲ್ಲರೆ. ಬಿಸಿಯಾದಾಗ ಮಾತ್ರ ಕೈಕೊಡೋ ಕಂಡೆನ್ಸರ್ ಇನ್ನೂ ಮೋಸ, ತಣ್ಣಗಿರುವಾಗ ಟೆಸ್ಟ್ ಮಾಡಿದ್ರೆ ಪಾಸ್ ಆಗುತ್ತೆ. ನಮ್ದು ಒಂದು ತಿಂಗಳ ಹಿಂದೆ ಹಾಕಿದ ಹೊಚ್ಚ ಹೊಸ ಕಂಡೆನ್ಸರ್. ಪಾಯಿಂಟ್ ಮುಖ ಆಗಲೇ ಸುಟ್ಟು ಗುಂಡಿ ಬಿದ್ದಿತ್ತು.

ಮೇಸ್ತ್ರಿ ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ, "ಇದು ಗಟ್ಟಿ ಐತೆ, ಇದೇ ಲೂಸ್ ಆಗಿದ್ರೆ ನೀನು ಗ್ಯಾಪ್ ಎಷ್ಟು ಇಟ್ರೂ ವೇಸ್ಟು" ಅಂದ್ರು. ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ಹಾಕಿದ್ರೆ ಪಾಯಿಂಟ್ ಗ್ಯಾಪ್ 10 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಕೂಡ ಇಲ್ಲ, 18 ಥೌ ಆಸುಪಾಸು ಇರ್ಬೇಕಿತ್ತು, ಅಂದ್ರೆ 0.45 ಎಂಎಂ. ಆ ಎರಡನೇ ಮೆಕ್ಯಾನಿಕ್ ಕಣ್ಣಳತೆಯಲ್ಲೇ ಇಟ್ಟಿದ್ದಾನೆ. ಬಿಸ್ಕತ್ ಡಬ್ಬಿಯಿಂದ ಹಳೇ ಪಾಯಿಂಟು, ಹಳೇ ಕಂಡೆನ್ಸರ್ ಆಚೆ ಬಂತು, ಪಾಯಿಂಟ್ ಮುಖ ಉಜ್ಜಿ ಹಾಕಿ ಗ್ಯಾಪ್ ಇಟ್ವಿ. ಗ್ಯಾಪ್ ಬದಲಾದ್ರೆ ಟೈಮಿಂಗೂ (ಕಿಡಿ ಹಾರೋ ಗಳಿಗೆ) ಬದಲಾಗುತ್ತೆ, ಹಾಗಾಗಿ ಪಾಯಿಂಟಿಗೆ ಒಂದು ಬಲ್ಬ್ ಕಟ್ಟಿ, ಅದು ಹತ್ತೋ ಗಳಿಗೆ ನೋಡ್ಕೊಂಡು ಅದನ್ನೂ ಸರಿ ಮಾಡಿದ್ರು. ವೈರ್ ಸಿಕ್ಕಿಸುವಾಗ 1-3-4-2, ಸಿಲಿಂಡರ್‌ಗಳು ಉರಿಯೋ ಸರದಿ ಅದು, ಇದು ಮರೆತ್ರೆ ಬೆಳಗಿನ ತನಕ ತಲೆ ಕೆರ್ಕೋಬೇಕು. ಈಗ ಕಡ್ಡಿಯಲ್ಲಿ ಬಿಡಿಸಿದ್ರೆ ಪಾಯಿಂಟಲ್ಲಿ ಸಾಸಿವೆ ಕಾಳಷ್ಟು ಮಿಣುಕು, ಅಷ್ಟೇ. ಮಿಸ್ಸಿಂಗ್ ಹೋಯ್ತು.

ಕೊನೆಗೆ ಉಳಿದಿದ್ದು ಸ್ಕ್ರೂ ಸೆಟ್ಟಿಂಗು, ಎಲ್ರೂ ಮೊದಲು ಮಾಡೋದು. ಇಂಜಿನ್ ಬಿಸಿ ಇರುವಾಗ ಮಿಕ್ಸ್ಚರ್ ಸ್ಕ್ರೂನ (ಒಳಗೆ ತಿರುಗಿಸಿದ್ರೆ ಪೆಟ್ರೋಲ್ ಕಮ್ಮಿ, ಆಚೆ ತಿರುಗಿಸಿದ್ರೆ ಜಾಸ್ತಿ) ನಿಧಾನಕ್ಕೆ ಒಳಗೆ ತಿರುಗಿಸ್ತಾ ಹೋಗ್ಬೇಕು, ಇಂಜಿನ್ ತಡವರಿಸೋಕೆ ಶುರು ಮಾಡುತ್ತೆ, ಅಲ್ಲಿಂದ ಕಾಲು ಕಾಲು ಸುತ್ತು ಆಚೆ, ಎಲ್ಲಿ ಅತಿ ನುಣ್ಣಗೆ ಓಡುತ್ತೋ ಅಲ್ಲಿ ಬಿಟ್ಟು ಸ್ಪೀಡ್ ಸ್ಕ್ರೂ ಇಳಿಸೋದು, ಮತ್ತೆ ಅದನ್ನೇ ಇನ್ನೊಂದು ಸಲ. ಅಪ್ಪನ ಹಳೇ ಗುರುತಿಗಿಂತ ಈಗ ಸುಮಾರು ಅರ್ಧ ಸುತ್ತು ಆಚೆ ಬೇಕಾಯ್ತು. ಅದಕ್ಕೂ ಕಾರಣ ಇದೆ, ಬಂಕಲ್ಲಿ ಈಗ ಹಾಕೋದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸಾಕಾದ್ರೆ ಎಥನಾಲಿಗೆ 9 ಪಾಲೇ ಸಾಕು, ಹಾಗಾಗಿ ಹಳೇ ಸೆಟ್ಟಿಂಗಲ್ಲೇ ಬಿಟ್ರೆ ಗಾಳಿ ಜಾಸ್ತಿ ಆದಂಗೇ ಲೆಕ್ಕ. ಹೊಸ ಗಾಡಿಗಳು ತಾವೇ ಸರಿ ಮಾಡ್ಕೊಳ್ತವೆ, ನಮ್ದಕ್ಕೆ ಸ್ಕ್ರೂಡ್ರೈವರೇ ಗತಿ. ಜೊತೆಗೆ ಎಥನಾಲ್ ಹಳೇ ರಬ್ಬರ್ರನ್ನೂ ತಿನ್ನುತ್ತೆ, ಪೆಟ್ರೋಲ್ ಪೈಪು ಉಗುರಲ್ಲಿ ಒತ್ತಿದ್ರೆ ಅಂಟಂಟು, ಅದನ್ನ ಬೆಂಗಳೂರು ಜೆ.ಸಿ. ರೋಡಿಂದ ತರಿಸಿ ಬದಲಾಯಿಸ್ದೆ. ಇಂಜಿನ್‌ಗೆ ಪೆಟ್ರೋಲ್ ಎಳೆಯೋ ಪಂಪಿನ ರಬ್ಬರ್ ಡಯಾಫ್ರಂ ಮುಂದಿನ ಸರದಿ. ಅಲ್ಲೂ ಫಿಯಟ್ ಸಾಮಾನು ಕೇಳಿದ್ರೆ ಅಂಗಡಿಯವರು ಈಗ ಒಂದು ಕ್ಷಣ ಯೋಚಿಸ್ತಾರೆ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ಗೆ ರೋಡಿಂದ ಇಳಿದ್ವು, ಸಾಮಾನು ಮಾಡೋರಾದ್ರೂ ಯಾರಿಗೋಸ್ಕರ ಮಾಡ್ಬೇಕು.

ಒಟ್ಟು ಖರ್ಚು ಪ್ಯಾಕಿಂಗು, ಪೈಪು, ಎಮರಿ ಪೇಪರ್ ಸೇರಿ 400 ರೂಪಾಯಿ ಚಿಲ್ಲರೆ. ಮೇಸ್ತ್ರಿ ದುಡ್ಡು ಮುಟ್ಟಲಿಲ್ಲ, ಒಂದು ರೌಂಡ್ ಕೂರಿಸ್ಕೊಂಡು ಹೋಗು ಅಂದ್ರು. ಮೂವರೂ ದೇವರಾಯನದುರ್ಗ ತನಕ ಹೋಗಿ ಬಂದ್ವಿ, ಮೇಲೆ ಬೆಟ್ಟದ ತಿರುವಲ್ಲಿ ಬೇಕಂತಲೇ ನಿಲ್ಲಿಸಿ ಐಡ್ಲಿಂಗಲ್ಲಿ ಬಿಟ್ಟೆ. ಗೇರ್ ಲಿವರ್ ಅಲುಗಲಿಲ್ಲ. ವಾಪಸ್ ಬರ್ತಾ ಟೌನ್ ಹಾಲ್ ಸರ್ಕಲ್‌ನಲ್ಲಿ ರೆಡ್ ಬಿತ್ತು, ಇಂಜಿನ್ ಓಡ್ತಾ ಇದ್ಯೋ ಇಲ್ವೋ ಅಂತ ಆಯಿಲ್ ಲೈಟ್ (ಇಂಜಿನ್ ನಿಂತ್ರೆ ಹತ್ತೋದು) ನೋಡ್ಬೇಕಾಯ್ತು, ಅಷ್ಟು ತಣ್ಣಗೆ.

ಅಪ್ಪ ಕಿಟಕಿಯಿಂದ ತಲೆ ಆಚೆ ಹಾಕಿ ಕಿವಿ ಕೊಟ್ಟು ಕೇಳ್ತಾ ಇದ್ರು. "ಈಗ ಕೇಳ್ತೈತೆ ನೋಡು" ಅಂದ್ರು.

"ಏನಪ್ಪಾ?"

"ಟಿಕ್ ಟಿಕ್ ಅಂತೈತೆ. ಇಷ್ಟು ದಿನ ಆ ಗಲಾಟೇಲಿ ಮುಚ್ಚಿಹೋಗಿತ್ತು. ಒಂದು ಟ್ಯಾಪೆಟ್ ಲೂಸೈತೆ."

ಹಿಂದಿನ ಸೀಟಿಂದ ಮೇಸ್ತ್ರಿ, "ಮೂರನೇದು" ಅಂದ್ರು. ಬರೋ ಭಾನುವಾರ ಟ್ಯಾಪೆಟ್ ಕವರ್ ಬಿಚ್ಚಬೇಕು, ಅದರ ಪ್ಯಾಕಿಂಗ್ ಎಲ್ಲಿ ಸಿಗುತ್ತೆ ಅಂತ ವಿಚಾರಿಸ್ತಾ ಇದೀನಿ.